ಟ್ರ್ಯಾಕ್ಟರಿಗೆ ಗಾಳಿ ಸೋಕಿದಾಗ

ನಿನ್ನೆ ಸಂಜೆಯವರೆಗೂ ಕಲ್ಟಿವೇಟರ್ ಎಳೆದ ಟ್ರ್ಯಾಕ್ಟರ್ ಇವತ್ತು ಬೆಳಿಗ್ಗೆ ಸೆಲ್ಫ್ ಹೊಡೆದರೆ ಗಿರಗಿರ ಎನ್ನುತ್ತದೆ, ಹಿಡಿಯುವುದಿಲ್ಲ. ನಾಲ್ಕು ಸಲ ಹೊಡೆಯುವಷ್ಟರಲ್ಲಿ ಬ್ಯಾಟರಿಯೂ ಸುಸ್ತು. ಸುತ್ತ ನಿಂತವರಲ್ಲಿ ಒಬ್ಬರು ‘ಏನೋ ಗಾಳಿ ಸೋಕಿರಬೇಕು’ ಎನ್ನುತ್ತಾರೆ. ಇನ್ನೊಬ್ಬರು ಮುಂದೆ ಕಟ್ಟಿದ ನಿಂಬೆಹಣ್ಣು ಒಣಗಿ ಕಲ್ಲಾಗಿರುವುದನ್ನು ತೋರಿಸುತ್ತಾರೆ. ನಿಂಬೆಹಣ್ಣಿನ ವಿಚಾರ ಹಾಗಿರಲಿ. ಮೊದಲನೆಯವರು ತಮಗೇ ಗೊತ್ತಿಲ್ಲದೆ ಸರಿಯಾದ ರೋಗವನ್ನೇ ಹೇಳಿರುತ್ತಾರೆ. ಸೋಕಿರುವುದು ಗಾಳಿಯೇ. ಸ್ಮಶಾನದ ಕಡೆಯಿಂದ ಬಂದದ್ದಲ್ಲ, ಸವೆದ ಒಂದು ವಾಷರಿನ ಸಂದಿಯಿಂದ ಬಂದದ್ದು. ಮೆಕ್ಯಾನಿಕ್ ಬಂದು ‘ಏರ್ ತಗೊಂಡಿದೆ’ ಎನ್ನುವುದೂ ಅದನ್ನೇ.

ಮ್ಯಾಸ್ಸಿ 1035, ಮಹೀಂದ್ರಾ ಬಿ-275, ಪಿಂಜೋರಿನಲ್ಲಿ 1971ರಿಂದ ತಯಾರಾದ ಎಚ್‌ಎಂಟಿ ಜೀಟರ್, ಗಾಳಿಯಿಂದಲೇ ತಣ್ಣಗಾಗುವ ಒಂಟಿ ಸಿಲಿಂಡರಿನ ಐಷರ್. ನಾಲ್ಕೈದು ಎಕರೆಯವರ ಹಿತ್ತಿಲಲ್ಲಿ ಇಂದಿಗೂ ನಿಂತಿರುವ ಈ ಹಳೆಯ ಗಾಡಿಗಳಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಮ್ಮೆ ಹಿಡಿದುಕೊಂಡರೆ ಬ್ಯಾಟರಿ ಬಿಚ್ಚಿಟ್ಟರೂ ಓಡುತ್ತವೆ. ನಿಲ್ಲಿಸಲು ಕೀಲಿ ತಿರುಗಿಸಿದರೆ ಸಾಲದು, ಡೀಸೆಲ್ ತಡೆಯುವ ಗುಂಡಿ ಎಳೆಯಬೇಕು. ಕಿಡಿಯೇ ಇಲ್ಲದ ಎಂಜಿನ್ ಇದು. ಇದನ್ನು ಓಡಿಸುವುದೂ ಗಾಳಿ, ಕೆಡಿಸುವುದೂ ಗಾಳಿ. ಸಿಲಿಂಡರಿನೊಳಗೆ ಗಾಳಿ ಇರಲೇಬೇಕು, ಡೀಸೆಲ್ ಪೈಪಿನೊಳಗೆ ಇರಲೇಕೂಡದು.

ಮೊದಲು ಇರಬೇಕಾದ ಗಾಳಿ. ಸೈಕಲ್ ಪಂಪಿನ ಬಾಯಿ ಬೆರಳಿನಿಂದ ಮುಚ್ಚಿ ಜೋರಾಗಿ ಒತ್ತಿದರೆ ಬುಡ ಬಿಸಿಯಾಗುತ್ತದೆ. ಆಗ್ನೇಯ ಏಷ್ಯಾದ ಜನ ಇದನ್ನೇ ಬಳಸಿ ಬೆಂಕಿ ಹೊತ್ತಿಸುತ್ತಿದ್ದರು: ಬಿದಿರು ಅಥವಾ ಕೊಂಬಿನ ಕೊಳವೆ, ಅದಕ್ಕೆ ಬಿಗಿಯಾದ ಕೊಂತ, ಕೊಂತದ ತುದಿಗೆ ಒಣ ನಾರು. ಅಂಗೈಯಿಂದ ಒಮ್ಮೆ ಗುದ್ದಿ ತೆಗೆದರೆ ನಾರಿನಲ್ಲಿ ಕೆಂಡ. ಡೀಸೆಲ್ ಎಂಜಿನ್ ಇದೇ ಕೊಳವೆ, ನಿಮಿಷಕ್ಕೆ ಸಾವಿರ ಸಲ ಗುದ್ದಿಸಿಕೊಳ್ಳುತ್ತದೆ ಅಷ್ಟೆ. ಹದಿನೇಳು ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತಿದರೆ 27 ಡಿಗ್ರಿಯ ಗಾಳಿ ಲೆಕ್ಕದ ಪ್ರಕಾರ 650 ಡಿಗ್ರಿ ದಾಟಬೇಕು. ತಣ್ಣನೆಯ ಗೋಡೆ ಹೀರುವುದು, ಪಿಸ್ಟನ್ ರಿಂಗಿನ ಸಂದಿಯಲ್ಲಿ ಸೋರುವುದು ಕಳೆದರೂ 400-500 ಉಳಿಯುತ್ತದೆ. ಡೀಸೆಲ್ ಹೊತ್ತಿಕೊಳ್ಳಲು 250ರ ಆಸುಪಾಸು ಸಾಕು.

ಇಲ್ಲೊಂದು ಸೂಕ್ಷ್ಮವಿದೆ. ಒತ್ತಡ ಉಷ್ಣತೆಯನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ಹೊರಗಿನ ಗಾಳಿ 10 ಡಿಗ್ರಿಗೆ ಇಳಿದರೆ, ಹೊರಗೆ ಕಡಿಮೆಯಾದ 17 ಡಿಗ್ರಿ ಒಳಗೆ 50 ಡಿಗ್ರಿಯಷ್ಟು ಕೊರತೆಯಾಗುತ್ತದೆ. ಸೆಲ್ಫ್ ನಿಧಾನವಾಗಿ ತಿರುಗಿದರೆ ನಷ್ಟ ಇನ್ನೂ ಹೆಚ್ಚು, ಏಕೆಂದರೆ ಒತ್ತಿದ ಗಾಳಿಗೆ ತಣಿಯಲೂ ಸೋರಲೂ ಪುರಸೊತ್ತು ಸಿಗುತ್ತದೆ. ಹಾಗಾಗಿ ದುರ್ಬಲ ಬ್ಯಾಟರಿ, ಸವೆದ ರಿಂಗ್, ಬಿಗಿಯಾಗಿ ಪೂರ್ತಿ ಕೂರದ ವಾಲ್ವ್, ಮೂರರ ಲಕ್ಷಣವೂ ಒಂದೇ: ಸೆಲ್ಫ್ ಹೊಡೆದಾಗ ಸೈಲೆನ್ಸರಿನಿಂದ ಬಿಳಿ ಹೊಗೆ. ಡೀಸೆಲ್ ಬರುತ್ತಿದೆ, ಹೊತ್ತುತ್ತಿಲ್ಲ ಎಂದು ಅದರ ಅರ್ಥ. ಹಳೆಯ ಪಂಪ್‌ಸೆಟ್ ಎಂಜಿನ್‌ಗಳಲ್ಲಿ ಹ್ಯಾಂಡಲ್ ತಿರುಗಿಸುವಾಗ ಡಿಕಂಪ್ರೆಷನ್ ಲಿವರ್ (ವಾಲ್ವ್ ತೆರೆದಿಟ್ಟು ಗಾಳಿ ಒತ್ತದಂತೆ ಮಾಡುವುದು) ಎತ್ತಿ, ಚಕ್ರ ವೇಗ ಹಿಡಿದ ಮೇಲೆ ಫಕ್ಕನೆ ಬಿಡುತ್ತಿದ್ದದ್ದು ಇದಕ್ಕೇ. ವೇಗವಿಲ್ಲದೆ ಶಾಖವಿಲ್ಲ.

ಆದರೆ ಹೊಗೆಯೇ ಇಲ್ಲದಿದ್ದರೆ? ಹತ್ತು ಸೆಕೆಂಡ್ ತಿರುಗಿಸಿದರೂ ಸೈಲೆನ್ಸರಿನ ಬಾಯಿ ಶುಭ್ರವಾಗಿದ್ದರೆ ಸಿಲಿಂಡರಿಗೆ ಡೀಸೆಲ್ಲೇ ತಲುಪುತ್ತಿಲ್ಲ. ಇಂಥ ಹೊತ್ತಿನಲ್ಲಿ ಏರ್ ಕ್ಲೀನರಿನ ಮುಂದೆ ಬಟ್ಟೆ ಸುಟ್ಟು ಹಿಡಿಯುವುದು, ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ಎಳೆಸುವುದು ಎಲ್ಲ ದಂಡ. ಒಲೆಯಲ್ಲಿ ಸೌದೆ ಇಲ್ಲದಾಗ ಎಷ್ಟು ಊದಿದರೇನು?

ಇಲ್ಲಿ ಈ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್‌ನ ಪಾಡನ್ನು ಸ್ವಲ್ಪ ಹೇಳಬೇಕು. 1893ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಅವನ ಮೊದಲ ಎಂಜಿನ್ ಒಂದು ಸಲ ಹೊತ್ತಿಕೊಂಡ ರಭಸಕ್ಕೆ ಒತ್ತಡ ಅಳೆಯುವ ಉಪಕರಣವೇ ಸಿಡಿದುಹೋಯಿತು. 1897ರ ಹೊತ್ತಿಗೆ ಸುಮಾರು 20 ಅಶ್ವಶಕ್ತಿಯ ಎಂಜಿನ್ ಇಂಧನದ ಶಕ್ತಿಯ ಕಾಲು ಭಾಗಕ್ಕೂ ಹೆಚ್ಚನ್ನು ಕೆಲಸವಾಗಿ ಮಾಡಿ ತೋರಿಸಿತು. ಅಂದಿನ ಉಗಿ ಎಂಜಿನ್‌ಗಳು ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಅಷ್ಟು ಒತ್ತಡದ ಸಿಲಿಂಡರಿನೊಳಕ್ಕೆ ಇಂಧನ ತೂರಿಸುವುದು ಹೇಗೆ? ಅವನು ಕಂಡುಕೊಂಡ ದಾರಿ ಗಾಳಿಯದೇ: ಸಿಲಿಂಡರಿಗಿಂತ ಹೆಚ್ಚು ಒತ್ತಡದ ಗಾಳಿಯಿಂದ ಇಂಧನವನ್ನು ಊದಿ ಒಳಗೆ ಕಳಿಸುವುದು. ಅದಕ್ಕೊಂದು ದೊಡ್ಡ ಕಂಪ್ರೆಸರ್ ಬೇಕಿತ್ತು. ಹಡಗಿಗೆ, ಕಾರ್ಖಾನೆಗೆ ಸರಿ, ಹೊಲಕ್ಕೆ ಇಳಿಸುವಂತಿರಲಿಲ್ಲ. ಡೀಸೆಲ್ 1913ರಲ್ಲಿ ಹಡಗಿನಿಂದ ಕಾಣೆಯಾದ. ಊದುವ ಗಾಳಿಯ ಹಂಗಿಲ್ಲದೆ ಬರೀ ದ್ರವವನ್ನೇ ಒತ್ತಿ ಚಿಮ್ಮಿಸುವ ಪುಟ್ಟ ಪಂಪನ್ನು ಬಾಷ್ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದ್ದು 1927ರಲ್ಲಿ. ಅದರ ಭಾರತೀಯ ಕುಡಿಯೇ 1951ರಲ್ಲಿ ಹುಟ್ಟಿದ, ಬೆಂಗಳೂರಿನ ಆಡುಗೋಡಿಯ ಮೈಕೊ. ಕಂಪನಿಯ ಹೆಸರು ಬದಲಾಗಿ ವರ್ಷಗಳಾದರೂ ಹಳ್ಳಿಯ ಮೆಕ್ಯಾನಿಕ್ ಬಾಯಲ್ಲಿ ಅದು ಇಂದಿಗೂ ಮೈಕೊ ಪಂಪೇ. ಅಂತೂ ಇಂಧನದ ದಾರಿಯಿಂದ ಗಾಳಿಯನ್ನು ಹೊರಗಟ್ಟಲು ಮೂವತ್ತು ವರ್ಷ ಹಿಡಿಯಿತು. ಒಂದು ಹರಿದ ವಾಷರ್ ಅದನ್ನು ಒಂದೇ ರಾತ್ರಿಯಲ್ಲಿ ವಾಪಸ್ ಕರೆತರುತ್ತದೆ.

ಈಗ ಇರಬಾರದ ಗಾಳಿ. ಮೂರು ಸಿಲಿಂಡರಿನ ಟ್ರ್ಯಾಕ್ಟರ್ ನಿಮಿಷಕ್ಕೆ 2000 ಸುತ್ತಿನ ವೇಗದಲ್ಲಿ ಗಂಟೆಗೆ 5 ಲೀಟರ್ ಕುಡಿಯುತ್ತದೆ ಎನ್ನಿ. ಎರಡು ಸುತ್ತಿಗೊಮ್ಮೆ, ಅಂದರೆ ಪ್ರತಿ ಸಿಲಿಂಡರಿಗೆ ನಿಮಿಷಕ್ಕೆ 1000 ಸಲ ಡೀಸೆಲ್ ಚಿಮ್ಮಬೇಕು. ಮೂರೂ ಸೇರಿ ಗಂಟೆಗೆ 1,80,000 ಸಲ. 5 ಲೀಟರನ್ನು ಅಷ್ಟಕ್ಕೆ ಹಂಚಿದರೆ ಒಂದು ಸಲಕ್ಕೆ 28 ಘನ ಮಿಲಿಮೀಟರ್, ಅಂದರೆ ಒಂದು ಹನಿಯ ಅರ್ಧಕ್ಕಿಂತ ಚೂರು ಹೆಚ್ಚು. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ನಾಜಲ್ಲಿನೊಳಗಿನ ಸೂಜಿಯನ್ನು ಬಲವಾದ ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. 170ರಿಂದ 220 ಬಾರ್ ಒತ್ತಡ ಬಂದರೆ ಮಾತ್ರ ಅದು ಏಳುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿನಲ್ಲಿರುವುದು ಒಂದು, ಒಂದೂವರೆ ಬಾರ್.

ಡೀಸೆಲ್ಲನ್ನು 180 ಬಾರ್‌ಗೆ ಒತ್ತಿದರೆ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. ಗಾಳಿಯನ್ನು ಒತ್ತಿದರೆ ನೂರೆಂಬತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಪೈಪಿನಲ್ಲಿ ಜೋಳದ ಕಾಳಿನಷ್ಟು ಒಂದು ಗುಳ್ಳೆ ಇದೆ ಅಂದುಕೊಳ್ಳಿ. ಅದರ ಗಾತ್ರ ಸುಮಾರು 33 ಘನ ಮಿಲಿಮೀಟರ್. ಪಂಪಿನೊಳಗಿನ ಕೊಂತ, ಅಂದರೆ ಪ್ಲಂಜರ್, ತಳ್ಳಿದ 28 ಘನ ಮಿಲಿಮೀಟರೂ ಗುಳ್ಳೆ ಕುಗ್ಗಿ ಬಿಟ್ಟ ಜಾಗ ತುಂಬುವುದಕ್ಕೇ ಮುಗಿಯಿತು. ಸೂಜಿ ಏಳಲಿಲ್ಲ. ಪ್ಲಂಜರ್ ಹಿಂದೆ ಸರಿದ ಕೂಡಲೇ ಗುಳ್ಳೆ ಮತ್ತೆ ಉಬ್ಬುತ್ತದೆ. ಸ್ಟಾರ್ಟ್ ಮಾಡುವಾಗ ಪಂಪ್ ಇನ್ನೂ ಹೆಚ್ಚು ಡೀಸೆಲ್ ತಳ್ಳುವುದುಂಟು, ಆಗ ಒಂದರ ಬದಲು ಎರಡೋ ಮೂರೋ ಗುಳ್ಳೆ ಬೇಕಾದೀತು.

ಕಬ್ಬಿಣದ ಹಾರೆಯಿಂದ ಬಾಗಿಲನ್ನು ನೂಕಬಹುದು, ನಡುವೆ ಹಾಸಿಗೆ ಇಟ್ಟು ನೂಕಿದರೆ ಹಾಸಿಗೆ ತಗ್ಗುತ್ತದೆ, ಬಾಗಿಲು ಅಲುಗುವುದಿಲ್ಲ. ನರ್ಸ್ ಸಿರಿಂಜನ್ನು ಮೇಲೆತ್ತಿ ಬೆರಳಿನಿಂದ ತಟ್ಟಿ ಒಂದು ಹನಿ ಹೊರಗೆ ಚಿಮ್ಮಿಸುವುದು ನೋಡಿರುತ್ತೀರಿ. ಮೆಕ್ಯಾನಿಕ್ ಬ್ಲೀಡಿಂಗ್ ಎನ್ನುವ, ಪೈಪಿನಿಂದ ಗಾಳಿ ಬಿಡಿಸುವ ಕೆಲಸವೂ ಅದೇ. ನೀರಿಳಿದ ಬೋರಿನ ಕೈಪಂಪು ಹೊಡೆದಷ್ಟೂ ಹಗುರವಾಗಿ ಏಳುವುದೂ ಇದರ ಅಣ್ಣತಮ್ಮನೇ. ಬ್ರೇಕ್ ಪೈಪಿನಲ್ಲಿ ಗಾಳಿ ಹೊಕ್ಕ ಕಾರಿನ ಪೆಡಲ್ ಮೆತ್ತಗೆ ನೆಲಕ್ಕಿಳಿಯುವುದೂ ಅಷ್ಟೆ. ಸೆಲ್ಫ್ ಹೊಡೆದು ಹೊಡೆದು ಗುಳ್ಳೆಯನ್ನು ಓಡಿಸುತ್ತೇನೆ ಎನ್ನುವವರು ಹಾಸಿಗೆಯನ್ನೇ ಗುದ್ದುತ್ತಿರುತ್ತಾರೆ.

ಗಾಳಿ ಹೊಕ್ಕದ್ದು ಎಲ್ಲಿಂದ? ‘ಡೀಸೆಲ್ ಎಲ್ಲೂ ಸೋರುತ್ತಿಲ್ಲ, ಹಾಗಾದರೆ ಗಾಳಿ ಹೇಗೆ ಬಂತು’ ಎಂದು ಕೇಳುವವರೇ ಹೆಚ್ಚು. ಟ್ಯಾಂಕಿನಿಂದ ಡೀಸೆಲ್ ಎಳೆದು ಮುಂದಕ್ಕೆ ಕೊಡುವುದು ಫೀಡ್ ಪಂಪ್. ಅದರಿಂದ ಮುಂದೆ ಒತ್ತಡ, ಅಲ್ಲಿ ಸಂದಿ ಬಿಟ್ಟರೆ ಡೀಸೆಲ್ ಹೊರಗೆ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಎಳೆತ. ಎಂಜಿನ್ ಓಡುವಾಗ ಅಲ್ಲಿಯ ಸಂದಿ ಡೀಸೆಲ್ ಸೋರಿಸುವುದಿಲ್ಲ, ಗಾಳಿ ಕುಡಿಯುತ್ತದೆ. ಆದ್ದರಿಂದ ಒಣಗಿರುವ ಜಾಗದ ಮೇಲೇ ಅನುಮಾನ ಪಡಬೇಕು: ಟ್ಯಾಂಕಿನ ಕಾಕ್, ಬಿರುಕು ಬಿಟ್ಟ ರಬ್ಬರ್ ಪೈಪ್, ಫೀಡ್ ಪಂಪಿನ ಗಾಜಿನ ಬಟ್ಟಲಿನ ಗ್ಯಾಸ್ಕೆಟ್, ತಿರುಗಿಸಿ ಪೂರ್ತಿ ಬಿಗಿಮಾಡದ ಕೈಪಂಪಿನ ಗುಬ್ಬಿ. ಒಳಗೆ ತೂತಿರುವ ಬೋಲ್ಟುಗಳ ಎರಡು ಬದಿಯ ತಾಮ್ರದ ವಾಷರ್ ಒಮ್ಮೆ ಒತ್ತಿಸಿಕೊಂಡ ಮೇಲೆ ಗಡುಸಾಗುತ್ತದೆ, ಮತ್ತೆ ಹಾಕಿದರೆ ಕೂರುವುದಿಲ್ಲ. ಹೊಸದು ಹಾಕಿ, ಇಲ್ಲವೇ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕಿಗೆ ಹೀಗೆ ಮಾಡಿದರೆ ಗಟ್ಟಿಯಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ.

ಇನ್ನು ಗಾಳಿ ಬಿಡಿಸುವ ಕೆಲಸ. ಗೇರ್ ನ್ಯೂಟ್ರಲ್, ಪಿಟಿಒ (ಹಿಂದಿನ ಉಪಕರಣ ತಿರುಗಿಸುವ ದಂಡ) ಬಿಡಿಸಿ, ಹ್ಯಾಂಡ್ ಬ್ರೇಕ್ ಹಾಕಿ. ಟ್ಯಾಂಕ್ ಅರ್ಧಕ್ಕಿಂತ ಮೇಲಿರಲಿ, ಕಾಕ್ ಪೂರ್ತಿ ತೆರೆದಿರಲಿ, ನಿಲ್ಲಿಸುವ ಗುಂಡಿ ಒಳಗೆ ಹೋಗಿರಲಿ (ಇದನ್ನು ಮರೆತು ಅರ್ಧ ದಿನ ಒದ್ದಾಡುವವರು ಕಡಿಮೆಯಿಲ್ಲ). ಫಿಲ್ಟರುಗಳ ತಲೆಯನ್ನು ಬಟ್ಟೆಯಿಂದ ಒರೆಸಿ, ಮೊದಲ ಫಿಲ್ಟರಿನ ಬ್ಲೀಡಿಂಗ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ ಫೀಡ್ ಪಂಪನ್ನು ಕೈಯಿಂದ ಹೊಡೆಯಿರಿ. ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಆಮೇಲೆ ಗುಳ್ಳೆಯಿಲ್ಲದ, ದಾರದಂಥ ಡೀಸೆಲ್. ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಮಾಡಬೇಕು. ಹೊಡೆಯುವುದು ನಿಲ್ಲಿಸಿ ಬಿಗಿಮಾಡಿದರೆ ಗಾಳಿ ವಾಪಸ್ ಹೋಗುತ್ತದೆ. ಕೈಲಿವರ್ ಸಪ್ಪೆಯಾಗಿ ಆಡಿದರೆ ಪಂಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಒಳಗಿನ ಕ್ಯಾಮ್ (ಪಂಪನ್ನು ಒತ್ತುವ ಉಬ್ಬು) ಅದನ್ನು ಆಗಲೇ ಎತ್ತಿ ಹಿಡಿದಿರುತ್ತದೆ. ಎಂಜಿನ್ನನ್ನು ಒಂದು ಸುತ್ತು ತಿರುಗಿಸಿದರೆ ಲಿವರಿಗೆ ಬಿಗಿ ಬರುತ್ತದೆ. ಆಮೇಲೆ ಎರಡನೇ ಫಿಲ್ಟರ್, ಆಮೇಲೆ ನಾಜಲ್ಲಿಗೆ ಡೀಸೆಲ್ ತಳ್ಳುವ ಪಂಪಿನ ಮೈಮೇಲಿನ ಸ್ಕ್ರೂ; ರೋಟರಿ ಪಂಪಾದರೆ ಎರಡು ಕಡೆ, ಕೆಳಗಿನದು ಮೊದಲು. ಟ್ಯಾಂಕಿನ ಕಡೆಯಿಂದ ಮುಂದಕ್ಕೆ ಹೋಗಬೇಕೇ ಹೊರತು ಹಿಂದುಮುಂದಾಗಬಾರದು.

ಕೊನೆಗೆ ನಾಜಲ್ಲಿಗೆ ಸೇರುವ ಸಣ್ಣ ಉಕ್ಕಿನ ಪೈಪುಗಳು. ಸಾಮಾನ್ಯವಾಗಿ 17 ಅಥವಾ 19ರ ಸ್ಪ್ಯಾನರ್. ಮೂರು ನಟ್ಟುಗಳನ್ನೂ ಒಂದೊಂದು ಸುತ್ತು ಸಡಿಲಿಸಿ, ಆಕ್ಸಿಲರೇಟರ್ ಪೂರ್ತಿ ಎಳೆದು ಸೆಲ್ಫ್ ಹೊಡೆಯಿರಿ. ಒಮ್ಮೆಗೆ ಹತ್ತು ಸೆಕೆಂಡ್, ನಡುವೆ ಅರ್ಧ ನಿಮಿಷ ಬಿಡುವು. ನಟ್ಟಿನ ಬುಡದಲ್ಲಿ ಗುಳ್ಳೆಯಿಲ್ಲದ ಡೀಸೆಲ್ ಜಿನುಗಿದ ಪೈಪನ್ನು ಬಿಗಿಮಾಡುತ್ತಾ ಬನ್ನಿ. ಎರಡು ಬಿಗಿಯಾಗುವಷ್ಟರಲ್ಲಿ ಎಂಜಿನ್ ಕುಂಟುತ್ತಾ ಹಿಡಿಯುತ್ತದೆ, ಮೂರನೆಯದನ್ನು ಬಿಗಿದ ಮೇಲೆ ಲಯ ಕೂಡುತ್ತದೆ. ಚಿಮ್ಮುವ ಡೀಸೆಲ್ಲಿಗೆ ಬೆರಳು ಅಡ್ಡ ಹಿಡಿದು ನೋಡುವ ಅಭ್ಯಾಸ ಮಾತ್ರ ಬೇಡ. ನಾಜಲ್ಲಿನ ತುಂತುರು ಚರ್ಮ ತೂರಿ ಮಾಂಸಕ್ಕೆ ಇಳಿಯುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಬೆರಳೇ ಕೊಳೆಯಬಹುದು. ಹಾಗಾದರೆ ಅರಿಶಿನ ಮೆತ್ತಿ ಕೂರದೆ ಆಗಲೇ ಆಸ್ಪತ್ರೆಗೆ ಹೋಗಬೇಕು.

ಪಂಪಿನೊಳಗಿನ ಪ್ಲಂಜರಿಗೂ ಅದರ ಗೂಡಿಗೂ ನಡುವಿನ ಸಂದಿ ಎರಡು ಮೂರು ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಆ ಸಂದಿಗೆ ಎಣ್ಣೆ ಕೊಡುವುದೂ ಡೀಸೆಲ್ಲೇ, ಹಾಗಾಗಿ ಸೀಮೆಎಣ್ಣೆ ಬೆರೆಸಿ ಉಳಿಸಿದ ಕಾಸು ಪಂಪಿನ ರಿಪೇರಿಗೆ ಹೋಗುತ್ತದೆ. ಆಯುಧಪೂಜೆಗೆ ಓಡಿ ಬಂದ ಗಾಡಿಯನ್ನು ಹಾಗೇ ನಿಲ್ಲಿಸಿ ಬಿಸಿ ಪಂಪಿನ ಮೇಲೆ ತಣ್ಣೀರು ಹೊಡೆದರೆ ಹೊರಗಿನ ಗೂಡು ಮೊದಲು ಕುಗ್ಗಿ ಪ್ಲಂಜರನ್ನು ಕಚ್ಚಿಕೊಳ್ಳುತ್ತದೆ. ವರ್ಷಕ್ಕೊಮ್ಮೆ ಪೂಜೆ ಮಾಡಲಿ, ತಣಿದ ಮೇಲೆ ತೊಳೆಯಲಿ. ಎರಡು ಫಿಲ್ಟರನ್ನೂ ಒಂದೇ ದಿನ ಬದಲಿಸಬೇಡಿ. ಮೊದಲನೆಯದನ್ನು ಹಾಕುವಾಗ ಬಿದ್ದ ಧೂಳನ್ನು ತಡೆಯಲು ಹಳೆಯ ಎರಡನೆಯದು ಕೆಲವು ದಿನ ಇರಲಿ. ಹಳೇ ಬನಿಯನ್ನಿನಲ್ಲಿ ಡೀಸೆಲ್ ಸೋಸಿದರೆ ಕಸಕ್ಕಿಂತ ನಾರೇ ಹೆಚ್ಚು ಒಳಗೆ ಹೋಗುತ್ತದೆ, ಸಣ್ಣ ಜಾಲರಿ ಬಳಸಿ. ಟ್ಯಾಂಕನ್ನು ಸಂಜೆಯೇ ತುಂಬಿಸಿಟ್ಟರೆ ರಾತ್ರಿಯ ತಂಪಿಗೆ ಖಾಲಿ ಜಾಗದ ತೇವ ನೀರಾಗಿ ಇಳಿಯುವುದಿಲ್ಲ.

ಗಾಳಿ ಬಿಡಿಸಿದ ಗಾಡಿ ಮರುದಿನ ಮತ್ತೆ ಹಾಗೇ ಮಾಡಿದರೆ ಮತ್ತೆ ಬಿಡಿಸುತ್ತಾ ಕೂರುವುದಲ್ಲ. ಐದು ಲೀಟರಿನ ಶುಭ್ರ ಕ್ಯಾನಿನಲ್ಲಿ ಡೀಸೆಲ್ ತುಂಬಿ ಎಂಜಿನ್ನಿಗಿಂತ ಎತ್ತರಕ್ಕೆ ಕಟ್ಟಿ, ಪಾರದರ್ಶಕ ಪೈಪಿನಿಂದ ನೇರವಾಗಿ ಫೀಡ್ ಪಂಪಿಗೆ ಕೊಡಿ. ಗುಳ್ಳೆಯಿಲ್ಲದೆ ಓಡಿದರೆ ಕಳ್ಳ ಟ್ಯಾಂಕಿನ ಕಡೆ ಇದ್ದಾನೆ, ಆ ಪೈಪನ್ನು ಪೂರ್ತಿ ಬದಲಿಸಿ. ಆಗಲೂ ಕೆಮ್ಮಿದರೆ ಫೀಡ್ ಪಂಪನ್ನೇ ಬಿಚ್ಚಬೇಕು. ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಲ್ಲುವ ಗಾಡಿಗೆ ಇಷ್ಟೆಲ್ಲ ಬೇಕಿಲ್ಲ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿ. ಸುಯ್ ಎಂದು ಗಾಳಿ ಒಳಗೆಳೆದುಕೊಂಡರೆ ಮುಚ್ಚಳದ ಸಣ್ಣ ತೂತು ಮಣ್ಣಿನಿಂದ ಮುಚ್ಚಿಹೋಗಿದೆ, ಒಂದು ತಂತಿ ಚುಚ್ಚಿದರೆ ಸಾಕು.