ಇನ್ನೊಂದು ಕೆನ್ನೆ ತೋರಿಸುವುದೆಂದರೆ ಬಾಯಿ ಮುಚ್ಚಿಕೊಂಡಿರುವುದೇ?

ಪ್ರಶ್ನೆ: ನಮ್ಮ ಹೊಲದ ಬದುವನ್ನು ಒತ್ತಿ, ನಮ್ಮ ಅಣ್ಣನ ಮಕ್ಕಳು ನಾಲ್ಕು ಸಾಲು ಭೂಮಿಯನ್ನು ಒಳಗೆ ಹಾಕಿಕೊಂಡಿದ್ದಾರೆ. ಕೇಳಲು ಹೋದರೆ, ‘ವೈರಿಯನ್ನೂ ಪ್ರೀತಿಸಬೇಕೆಂದು ಸತ್ಯವೇದದಲ್ಲಿ ಇಲ್ಲವೇ ಕಾಕಾ, ಇನ್ನೊಂದು ಕೆನ್ನೆ ತೋರಿಸಿರಿ’ ಎನ್ನುತ್ತಾರೆ. ದ್ವೇಷ ಬೇಡವೆಂದರೆ ಅನ್ಯಾಯವನ್ನು ನುಂಗಿಕೊಳ್ಳಬೇಕೆಂದೇ ಅರ್ಥವೇ?
— ಬಾದಾಮಿ ತಾಲ್ಲೂಕಿನ ಓದುಗರೊಬ್ಬರು

ಉತ್ತರ: ನುಂಗಿಕೊಳ್ಳಬೇಕಾಗಿಲ್ಲ. ಮೊದಲು ಹಿರಿಯರನ್ನು ಕೂಡಿಸಿ ಕೇಳಿರಿ, ಅಲ್ಲಿ ಬಗೆಹರಿಯದಿದ್ದರೆ ಮೋಜಣಿ ಮಾಡಿಸಿರಿ. ಅದರಿಂದ ನೀವು ಕ್ರಿಸ್ತನ ಮಾತನ್ನು ಮೀರಿದಂತಾಗುವುದಿಲ್ಲ. ಇದೇ ಪ್ರಶ್ನೆ ಒಮ್ಮೆ ಹೊಲದ ಹೆಸರಿನಲ್ಲಿ, ಒಮ್ಮೆ ಬಾಕಿ ಉಳಿದ ಕೂಲಿಯ ಹೆಸರಿನಲ್ಲಿ, ಒಮ್ಮೆ ಮಗಳ ಸಂಸಾರದ ಹೆಸರಿನಲ್ಲಿ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತದೆ, ನಾನೂ ಇದೇ ಉತ್ತರವನ್ನು ಮತ್ತೆ ಮತ್ತೆ ಕೊಡುತ್ತೇನೆ. 1820ರಲ್ಲಿ ಬೆಳಗಾವಿಗೆ ಲಂಡನ್ ಮಿಷನ್ ಬಂತು, 1851ರಲ್ಲಿ ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ ನೆಲೆಯೂರಿತು. ಇಷ್ಟು ತಲೆಮಾರುಗಳ ಸತ್ಯವೇದದ ಓದಿನ ಮೇಲೂ ಈ ಒಂದು ವಾಕ್ಯದ ಅರ್ಧವನ್ನೇ ಹಿಡಿದು ನಾವು ಒಬ್ಬರನ್ನೊಬ್ಬರು ಬಾಯಿ ಮುಚ್ಚಿಸುತ್ತಿದ್ದೇವೆ.

ವಾಕ್ಯವನ್ನು ಪೂರ್ತಿಯಾಗಿ ಓದೋಣ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ 39ನೆಯ ವಚನದಲ್ಲಿ ಯೇಸುಸ್ವಾಮಿ ‘ಕೆನ್ನೆ’ ಎಂದಷ್ಟೇ ಹೇಳಲಿಲ್ಲ, ‘ಬಲಗೆನ್ನೆ’ ಎಂದರು: ನಿನ್ನ ಬಲಗೆನ್ನೆಯ ಮೇಲೆ ಹೊಡೆಯುವವನಿಗೆ ಇನ್ನೊಂದು ಕೆನ್ನೆಯನ್ನೂ ತಿರುಗಿಸು. ರವಿವಾರ ಶಾಲೆಯಲ್ಲಿ ನಾನು ಇದನ್ನು ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ ತೋರಿಸುತ್ತೇನೆ. ಬಲಗೈಯನ್ನು ನಿಧಾನವಾಗಿ ಎತ್ತಿ, ಎದುರಿಗಿರುವವನ ಕೆನ್ನೆಯ ಹತ್ತಿರಕ್ಕೆ ತರಲು ಹೇಳಿದರೆ, ಅಂಗೈ ಹೋಗಿ ನಿಲ್ಲುವುದು ಅವನ ಎಡಗೆನ್ನೆಯ ಮೇಲೆ. ಬಲಗೆನ್ನೆಗೇ ತಾಗಿಸು ಎಂದರೆ ಹುಡುಗ ಒಂದು ಕ್ಷಣ ತಡವರಿಸುತ್ತಾನೆ, ಅನಂತರ ಮಣಿಕಟ್ಟನ್ನು ತಿರುಗಿಸಿ ಕೈಯ ಹಿಂಬದಿಯನ್ನು ಒಡ್ಡುತ್ತಾನೆ. ಆ ತಿರುಗಿದ ಕೈಯಲ್ಲೇ ವಾಕ್ಯದ ಅರ್ಥವಿದೆ ಎಂದು ಅನೇಕ ವ್ಯಾಖ್ಯಾನಕಾರರು ತಿಳಿಯುತ್ತಾರೆ, ನನಗೂ ಅದೇ ಸರಿಯೆನಿಸುತ್ತದೆ. ಹಿಂಗೈಯ ಹೊಡೆತವು ಗಾಯ ಮಾಡುವ ಹೊಡೆತವಲ್ಲ, ಒಡೆಯನು ಆಳಿಗೆ ‘ನಿನ್ನ ಜಾಗ ಕೆಳಗೆ’ ಎಂದು ತೋರಿಸುವ ಹೊಡೆತ. ಕ್ರಿ.ಶ. 200ರ ಸುಮಾರಿಗೆ ಸಂಗ್ರಹವಾದ ಯೆಹೂದ್ಯರ ಕಟ್ಟಳೆಗಳ ಗ್ರಂಥವಾದ ಮಿಷ್ನಾದಲ್ಲಿ ಕೆನ್ನೆಗೆ ಹೊಡೆದವನು 200 ಜೂಜ್ ನಾಣ್ಯ ದಂಡ ತೆರಬೇಕು, ಹಿಂಗೈಯಿಂದ ಹೊಡೆದರೆ 400 ಎಂದಿದೆ. ನೋವು ಕಡಿಮೆಯಿದ್ದರೂ ದಂಡ ಇಮ್ಮಡಿಯಾಗುವುದು ಅವಮಾನಕ್ಕಾಗಿ.

ಹೀಗೆ ಹೀನಾಯಗೊಂಡವನು ಎದುರಿಗೆ ನೆಟ್ಟಗೆ ನಿಂತು ಎಡಗೆನ್ನೆಯನ್ನು ಒಡ್ಡಿದರೆ, ಅವನು ಓಡಿಹೋಗಲೂ ಇಲ್ಲ, ತಿರುಗಿ ಹೊಡೆಯಲೂ ಇಲ್ಲ, ಕಾಲಿಗೆ ಬೀಳಲೂ ಇಲ್ಲ. ಹೊಡೆಯುವುದಾದರೆ ನನ್ನನ್ನು ನಿನ್ನ ಸಮಾನನೆಂದು ತಿಳಿದು ಹೊಡೆ ಎಂದು ಅವನು ಮುಖವನ್ನೇ ಮುಂದಿಟ್ಟಿದ್ದಾನೆ. ಲೂಕನ ಸುವಾರ್ತೆಯಲ್ಲಿ ‘ಬಲ’ ಎಂಬ ಪದವಿಲ್ಲ ಎಂದು ಜಾಣ ವಿದ್ಯಾರ್ಥಿಗಳು ಕೇಳುವುದುಂಟು. ಇಲ್ಲ, ನಿಜ. ಆದರೆ ಈ ಮಾತಿನ ಅರ್ಥಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇರೆಯಿದೆ, ಅದನ್ನು ಯಾರೂ ಕೇಳುವುದಿಲ್ಲವೆಂಬುದೇ ನನ್ನ ಕೊರಗು: ಯೇಸುವಿಗೇ ಕೆನ್ನೆಯ ಮೇಲೆ ಹೊಡೆದಾಗ ಅವರು ಏನು ಮಾಡಿದರು?

ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯವನ್ನು ತೆರೆಯಿರಿ. ಮಹಾಯಾಜಕನ ಮಾವನಾದ ಅನ್ನನೆಂಬವನ ಮುಂದೆ ವಿಚಾರಣೆ ನಡೆದಾಗ ಹತ್ತಿರ ನಿಂತಿದ್ದ ಓಲೇಕಾರನೊಬ್ಬನು ಯೇಸುವಿಗೆ ಹೊಡೆಯುತ್ತಾನೆ. ಯೇಸು ಸುಮ್ಮನಾಗಲಿಲ್ಲ. ನಾನು ತಪ್ಪಾಗಿ ಮಾತಾಡಿದ್ದರೆ ಆ ತಪ್ಪನ್ನು ತೋರಿಸು, ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಎಂದು ಕೇಳಿದರು. ಅದರಲ್ಲಿ ಬೈಗುಳವಿಲ್ಲ, ಶಾಪವಿಲ್ಲ. ಆದರೆ ವಿಚಾರಣೆಯ ನಡುವೆ ಹಾಕಿದ ನೇರವಾದ ಪ್ರಶ್ನೆ ಅದು. ಅಪೊಸ್ತಲನಾದ ಪೌಲನೂ ಹಾಗೆಯೇ ನಡೆದನು. ಫಿಲಿಪ್ಪಿಯಲ್ಲಿ ಅವನನ್ನೂ ಜೊತೆಗಾರನಾದ ಸೀಲನನ್ನೂ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿದ ಅಧಿಕಾರಿಗಳು, ಮರುದಿನ ಬೆಳಿಗ್ಗೆ ಗುಟ್ಟಾಗಿ ಬಿಟ್ಟುಬಿಡಲು ಹೇಳಿ ಕಳುಹಿಸಿದಾಗ, ರೋಮನ್ ಹಕ್ಕುಳ್ಳವರಾದ ನಮ್ಮನ್ನು ಎಲ್ಲರೆದುರಿಗೆ ಹೊಡೆಸಿದವರು ತಾವೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಅವನು ಪಟ್ಟುಹಿಡಿದನು. ಅವರು ಬಂದು ವಿನಂತಿಸಿ ಕರೆದುಕೊಂಡು ಹೋದರು. ಅಪೊಸ್ತಲರ ಕೃತ್ಯಗಳು, 16ನೆಯ ಅಧ್ಯಾಯ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ವಿಜಯಪುರದ ಒಂದು ಮನೆಯ ಪ್ರಾರ್ಥನಾ ಕೂಟದಲ್ಲಿ ಒಬ್ಬ ಹೆಣ್ಣುಮಗಳು ಪದ ಹೇಳುವಾಗಲೂ ಸೆರಗಿನಿಂದ ಎಡಗೈಯನ್ನು ಮುಚ್ಚಿಕೊಂಡೇ ಕುಳಿತಿದ್ದಳು. ಚಹಾ ಕೊಡಲು ಎದ್ದಾಗ ಸೆರಗು ಸರಿಯಿತು. ಬಳೆ ಒಡೆದು ಚುಚ್ಚಿದ ಗಾಯ ಮಣಿಕಟ್ಟಿನ ಸುತ್ತ ಇನ್ನೂ ಹಸಿಯಾಗಿತ್ತು. ಅವಳಿಗೆ ಮನೆಯ ಹಿರಿಯರು ಹೇಳಿದ್ದು ಇದೇ ವಾಕ್ಯವನ್ನು. ಆ ವಾಕ್ಯವನ್ನು ಹೊಡೆದ ಗಂಡನ ಮುಂದೆ ಯಾರೂ ಓದಿರಲಿಲ್ಲ. ಕೈ ಎತ್ತುವವನಿಗೆ ಒಮ್ಮೆಯೂ ಹೇಳದ ವಾಕ್ಯವನ್ನು ಪೆಟ್ಟು ತಿನ್ನುವವಳಿಗೆ ಹೇಳಬಾರದು. ಅಂಥವಳು ತವರಿಗೆ ಹೋಗಲಿ, ಪೊಲೀಸ್ ಠಾಣೆಗೆ ಹೋಗಿ ಫಿರ್ಯಾದಿ ಕೊಡಲಿ. ದ್ವೇಷ ತುಂಬಿಕೊಂಡವಳೆಂದು ಅವಳನ್ನು ಸಭೆಯಲ್ಲಿ ಯಾರೂ ಅನ್ನಬಾರದು.

ಹಾಗಾದರೆ ದ್ವೇಷವನ್ನು ಬಿಡುವುದೆಂದರೇನು? ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂಬ ಮಾತಿಗೆ ಒಂದೇ ವಚನ ಮೊದಲು, ಸಹೋದರನನ್ನು ಹೃದಯದಲ್ಲಿ ದ್ವೇಷಿಸಬೇಡ ಎಂಬ ಆಜ್ಞೆಯ ಜೊತೆಗೇ ನೆರೆಯವನ ತಪ್ಪನ್ನು ಅವನಿಗೆ ತಿಳಿಸಬೇಕೆಂಬ ಆಜ್ಞೆಯೂ ಇದೆ. ಮತ್ತಾಯನ 18ನೆಯ ಅಧ್ಯಾಯದಲ್ಲಿ ಯೇಸು ಕೊಟ್ಟ ಕ್ರಮವೂ ಇದೇ: ಮೊದಲು ಅವನೊಬ್ಬನಿಗೇ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅನಂತರ ಸಭೆಗೆ ತಿಳಿಸು. ನಮ್ಮಲ್ಲಿ ಆಗುವುದು ಇದರ ತಿರುವುಮುರುವು. ‘ನಾನು ಅವನನ್ನು ಎಂದೋ ಕ್ಷಮಿಸಿಬಿಟ್ಟಿದ್ದೇನೆ, ಆದರೆ ಅವನ ಮನೆಯ ನೀರು ಕುಡಿಯುವುದಿಲ್ಲ’ ಎಂದು ಹೇಳಿದ ಹಿರಿಯರೊಬ್ಬರಿಗೆ, ನೀವು ಕ್ಷಮಿಸಿಲ್ಲ, ಮಾತನ್ನಷ್ಟೇ ನಿಲ್ಲಿಸಿದ್ದೀರಿ ಎಂದು ನಾನು ಹೇಳಬೇಕಾಯಿತು. ಹೇಳದೆ ಒಳಗಿಟ್ಟುಕೊಂಡ ಅನ್ಯಾಯವೇ ಹಗೆಯಾಗಿ ಬಲಿಯುತ್ತದೆ.

ವೈರಿಯನ್ನು ಪ್ರೀತಿಸುವುದೆಂದರೆ ಅವನನ್ನು ಕಂಡಾಗ ಮನಸ್ಸು ಅರಳಬೇಕೆಂದಲ್ಲ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಇಲ್ಲಿರುವ ‘ಅಗಾಪೆ’ ಎಂಬ ಪ್ರೀತಿ ಕೈಯಿಂದ ಮಾಡುವ ಪ್ರೀತಿ. ಹಸಿದ ವೈರಿಗೆ ಊಟವಿಕ್ಕು ಎಂದು ಪೌಲನು ಬರೆದದ್ದು ಅದನ್ನೇ. ‘ವೈರಿಯನ್ನು ದ್ವೇಷಿಸು’ ಎಂಬುದು ಹಳೆಯ ಒಡಂಬಡಿಕೆಯ ಆಜ್ಞೆ ಎಂದು ಬೋಧಕರೂ ಹೇಳುವುದನ್ನು ಕೇಳಿದ್ದೇನೆ, ಅಂಥ ಆಜ್ಞೆ ಅಲ್ಲಿ ಎಲ್ಲಿಯೂ ಇಲ್ಲ. ಇರುವುದು ವಿಮೋಚನಕಾಂಡ 23ರ ಮಾತು: ನಿನ್ನ ವೈರಿಯ ಎತ್ತಾಗಲಿ ಕತ್ತೆಯಾಗಲಿ ತಪ್ಪಿಸಿಕೊಂಡು ಹೋಗುವುದನ್ನು ಕಂಡರೆ ಅದನ್ನು ಹೊಡೆದುಕೊಂಡು ಹೋಗಿ ಅವನಿಗೆ ಒಪ್ಪಿಸಬೇಕು. ಇದನ್ನು ನಿಮ್ಮ ಹೊಲಕ್ಕೇ ತಂದು ನೋಡಿರಿ. ಬದು ಒತ್ತಿದವರ ಎತ್ತು ರಾತ್ರಿ ಹಗ್ಗ ಹರಿದುಕೊಂಡು ನಿಮ್ಮ ಜೋಳಕ್ಕೆ ಬಿದ್ದರೆ, ಕೊಂಡವಾಡಕ್ಕೆ ಹೊಡೆಯದೆ ಅವರ ದಂದಕ್ಕಿಗೆ ಕಟ್ಟಿ ಬರುವುದು ಪ್ರೀತಿ. ಮರುದಿನ ಮೋಜಣಿದಾರರು ಬಂದಾಗ ನಿಮ್ಮ ಗಡಿಕಲ್ಲನ್ನು ತೋರಿಸುವುದು ಅದಕ್ಕೆ ವಿರೋಧವಲ್ಲ.

ಇಲ್ಲಿಯವರೆಗೆ ಓದಿದವರು ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ಪ್ರಶ್ನೆಯಿದೆ. ಲೂಕನ 14ನೆಯ ಅಧ್ಯಾಯದಲ್ಲಿ, ತಂದೆತಾಯಿಯರನ್ನು ಹಗೆಮಾಡದವನು ನನ್ನ ಶಿಷ್ಯನಾಗಲಾರನು ಎಂದು ಯೇಸುವೇ ಹೇಳಿದ್ದಾರಲ್ಲ? ಇದು ಹೀಬ್ರೂ ಭಾಷೆಯ ನುಡಿಗಟ್ಟು. ಆದಿಕಾಂಡದ 29ರಲ್ಲಿ ಯಾಕೋಬನು ತನ್ನ ಇಬ್ಬರು ಹೆಂಡತಿಯರಲ್ಲಿ ಲೇಯಳಿಗಿಂತ ರಾಹೇಲಳನ್ನು ಹೆಚ್ಚಾಗಿ ಪ್ರೀತಿಸಿದನೆಂದು ಹೇಳಿ, ಮುಂದಿನ ವಚನದಲ್ಲೇ ಮೂಲವು ಲೇಯಳನ್ನು ‘ಹಗೆಗೆ ಗುರಿಯಾದವಳು’ ಎನ್ನುತ್ತದೆ. ಎರಡನೆಯ ಸ್ಥಾನದಲ್ಲಿಡುವುದನ್ನೇ ಆ ಭಾಷೆ ಹಗೆ ಎಂದು ಕರೆಯುತ್ತದೆ. ಮತ್ತಾಯನು ಇದೇ ಬೋಧನೆಯನ್ನು, ತಂದೆತಾಯಿಯರನ್ನು ನನಗಿಂತ ಹೆಚ್ಚಾಗಿ ಪ್ರೀತಿಸುವವನು ನನಗೆ ಯೋಗ್ಯನಲ್ಲ ಎಂದು ಬಿಡಿಸಿ ಬರೆದಿದ್ದಾನೆ. ಇದನ್ನು ತಿಳಿಯದ ಯುವಕನೊಬ್ಬನು ಬೆಳಗಾವಿಯಲ್ಲಿ ನೌಕರಿ ಹಿಡಿದ ಮೇಲೆ, ಸೇವೆಗೆ ಕೊಡಬೇಕೆಂದು ಹೇಳಿ ಊರಿನಲ್ಲಿದ್ದ ತಾಯಿಗೆ ರೊಕ್ಕ ಕಳುಹಿಸುವುದನ್ನೇ ನಿಲ್ಲಿಸಿದ್ದನು. ಅವನಿಗೆ ನಾನು ಮಾರ್ಕನ 7ನೆಯ ಅಧ್ಯಾಯವನ್ನು ಓದಿಸಿದೆ. ದೇವರಿಗೆ ಮೀಸಲು ಎಂದು ಹೇಳಿ ತಂದೆತಾಯಿಯರಿಗೆ ಸಲ್ಲಬೇಕಾದುದನ್ನು ತಪ್ಪಿಸುವವರನ್ನು ಯೇಸು ಅಲ್ಲಿ ಗದರಿಸುತ್ತಾರೆ. ಅನಂತರ ಯೋಹಾನನ 19ನೆಯ ಅಧ್ಯಾಯವನ್ನು ಓದಿಸಿದೆ. ಶಿಲುಬೆಯ ಮೇಲೆ ಪ್ರಾಣ ಹೋಗುವ ಹೊತ್ತಿನಲ್ಲಿ ಯೇಸು ತಾಯಿಯನ್ನು ಒಬ್ಬ ಶಿಷ್ಯನ ಕೈಗೆ ಒಪ್ಪಿಸಿದರು, ಆ ಗಳಿಗೆಯಿಂದ ಅವನು ಆಕೆಯನ್ನು ತನ್ನ ಮನೆಯಲ್ಲಿಟ್ಟುಕೊಂಡನು.