ಬ್ರೆಕ್ಸಿಟ್: ಜನ ಸಿಟ್ಟಾದದ್ದು ಯಾವುದರ ಮೇಲೆ?

ಬ್ರೆಕ್ಸಿಟ್ ಬಗ್ಗೆ ಓದುವಾಗ ನಮ್ಮಲ್ಲಿ ಹಲವರು ಎರಡು ಬೇರೆ ಬೇರೆ ಅಸಮಾಧಾನಗಳನ್ನು ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ಐರೋಪ್ಯ ಒಕ್ಕೂಟದಿಂದ ಹೊರಬರುವ ತೀರ್ಮಾನವೇ ತಪ್ಪು ಎನ್ನುವವರ ಸಿಟ್ಟು ಒಂದು. ಆ ತೀರ್ಮಾನವನ್ನು ಸರ್ಕಾರ ನಿಭಾಯಿಸಿದ ರೀತಿಯ ಮೇಲಿನ ಸಿಟ್ಟು ಇನ್ನೊಂದು. ಮೊದಲನೆಯದು ಬ್ರಿಟನ್ನನ್ನು ಎರಡು ಹೋಳು ಮಾಡಿತು. ಎರಡನೆಯದು ಆ ಎರಡೂ ಹೋಳುಗಳಲ್ಲಿ ಸಮನಾಗಿ ಹರಡಿಕೊಂಡಿತು. 2019ರ ವಸಂತದ ಹೊತ್ತಿಗೆ ಹೊರಬರಲು ಮತ ಹಾಕಿದವರನ್ನು ಕೇಳಿದರೂ ಉಳಿಯಲು ಮತ ಹಾಕಿದವರನ್ನು ಕೇಳಿದರೂ, ಐದರಲ್ಲಿ ಸುಮಾರು ನಾಲ್ಕು ಮಂದಿ ಸರ್ಕಾರ ಮಾತುಕತೆಯನ್ನು ಕೆಡಿಸಿದೆ ಎಂದೇ ಹೇಳುತ್ತಿದ್ದರು. ಈ ಟಿಪ್ಪಣಿ ಇರುವುದು ಎರಡನೆಯ ಸಿಟ್ಟಿನ ಕುರಿತು.

ಹೊರಬರುವುದು ತಡವಾದದ್ದಕ್ಕೆ ಜನ ರೋಸಿಹೋದರು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ತಡವಾದದ್ದು ನಿಜ. ಆದರೆ ನನಗೆ ಕಾಣುವ ಮೂಲ ಕಾರಣ ಬೇರೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ಬಿಡಬೇಕಾಗುತ್ತದೆ ಎಂಬುದನ್ನು ಅಧಿಕಾರದಲ್ಲಿದ್ದವರು ಜನರ ಮುಂದೆ ಕೊನೆಯವರೆಗೂ ಬಾಯಿಬಿಟ್ಟು ಹೇಳಲಿಲ್ಲ.

ಮತಪತ್ರ ಕೇಳಿದ್ದು ಮತ್ತು ಕೇಳದೆ ಬಿಟ್ಟದ್ದು

2016ರ ಜೂನ್ 23ರ ಜನಮತಗಣನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಬ್ರಿಟನ್ ಐರೋಪ್ಯ ಒಕ್ಕೂಟದ ಸದಸ್ಯನಾಗಿ ಉಳಿಯಬೇಕೇ, ಹೊರಬರಬೇಕೇ? ಶೇ 72ರಷ್ಟು ಮತದಾನವಾಯಿತು. ಹೊರಬರಲು ಶೇ 51.9, ಉಳಿಯಲು ಶೇ 48.1. ಇಂಗ್ಲೆಂಡ್ ಮತ್ತು ವೇಲ್ಸ್ ಹೊರಗೆ ಎಂದವು. ಸ್ಕಾಟ್ಲೆಂಡಿನಲ್ಲಿ ಶೇ 62ರಷ್ಟು, ಉತ್ತರ ಐರ್ಲೆಂಡಿನಲ್ಲಿ ಶೇ 56ರಷ್ಟು ಜನ ಒಳಗೇ ಇರೋಣ ಎಂದರು. ಜನಮತಗಣನೆಗೆ ಕರೆ ಕೊಟ್ಟಿದ್ದ ಪ್ರಧಾನಿ ಡೇವಿಡ್ ಕ್ಯಾಮರೂನ್ ಮರುದಿನ ಬೆಳಿಗ್ಗೆಯೇ ರಾಜೀನಾಮೆ ಘೋಷಿಸಿದರು.

ನಮ್ಮ ಓದುಗರಿಗೆ ಇಲ್ಲೊಂದು ಸಂಗತಿ ತಿಳಿದಿರಲಿ. ಬ್ರಿಟನ್ನಿನಲ್ಲಿ ನೆಲೆಸಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಇದರಲ್ಲಿ ಮತದಾನದ ಹಕ್ಕಿತ್ತು. ಅಂದರೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ದುಡಿಯುತ್ತಿದ್ದ ಕನ್ನಡಿಗರೂ ಮತ ಹಾಕಬಹುದಿತ್ತು. ಹತ್ತಾರು ವರ್ಷಗಳಿಂದ ಅಲ್ಲಿಯೇ ತೆರಿಗೆ ಕಟ್ಟುತ್ತಿದ್ದ ಜರ್ಮನ್ ಅಥವಾ ಪೋಲಿಷ್ ಪ್ರಜೆಗೆ ಆ ಹಕ್ಕು ಇರಲಿಲ್ಲ. ಬದುಕು ನೇರವಾಗಿ ಬುಡಮೇಲಾಗಲಿದ್ದ ಸುಮಾರು 30 ಲಕ್ಷ ಮಂದಿಯನ್ನು ಯಾರೂ ಕೇಳಲೇ ಇಲ್ಲ. ಮುಂದೆ, ಅಲ್ಲಿಯೇ ಇರುವ ಹಕ್ಕನ್ನು ಉಳಿಸಿಕೊಳ್ಳಲು ಅವರು ಅರ್ಜಿ ಹಾಕಬೇಕು, 65 ಪೌಂಡ್ ಶುಲ್ಕ ಕಟ್ಟಬೇಕು ಎಂದು ಸರ್ಕಾರ ಹೇಳಿತು. ವಿರೋಧ ಜೋರಾದ ಮೇಲೆ, 2019ರ ಜನವರಿಯಲ್ಲಿ, ಶುಲ್ಕವನ್ನು ಕೈಬಿಟ್ಟಿತು.

ಮತಪತ್ರ ಕೇಳದೆ ಬಿಟ್ಟದ್ದು ಇನ್ನೂ ದೊಡ್ಡ ಪ್ರಶ್ನೆ: ಹೊರಬಂದು ಎಲ್ಲಿಗೆ? ನಾರ್ವೆಯಂತೆ, ಸರಕು, ಜನ, ಹಣ ಅಡೆತಡೆಯಿಲ್ಲದೆ ಓಡಾಡುವ ಒಕ್ಕೂಟದ ಏಕ ಮಾರುಕಟ್ಟೆಯಲ್ಲಿ ಇರುವುದೇ? ಟರ್ಕಿಯಂತೆ ಸುಂಕದ ವ್ಯವಸ್ಥೆಯನ್ನಷ್ಟೇ ಹಂಚಿಕೊಳ್ಳುವುದೇ? ಕೆನಡಾದಂತೆ ವ್ಯಾಪಾರ ಒಪ್ಪಂದವೊಂದನ್ನು ಮಾಡಿಕೊಳ್ಳುವುದೇ? ಯಾವ ಒಪ್ಪಂದವೂ ಇಲ್ಲದೆ ಎದ್ದು ಬರುವುದೇ? ಹೊರಬರಲು ಬಿದ್ದ 1.74 ಕೋಟಿ ಮತಗಳಲ್ಲಿ ಇವೆಲ್ಲವೂ ಬೆರೆತಿದ್ದವು. ಜನ ದಿಕ್ಕು ತೋರಿಸಿದ್ದರು, ದಾರಿಯನ್ನು ಆರಿಸುವ ಹೊಣೆ ಸರ್ಕಾರದ ಮೇಲೆ ಬಿತ್ತು.

ಗಡುವು ಮೊದಲು, ಯೋಚನೆ ಆಮೇಲೆ

2016ರ ಜುಲೈಯಲ್ಲಿ ಪ್ರಧಾನಿಯಾದ ತೆರೇಸಾ ಮೇ ‘ಬ್ರೆಕ್ಸಿಟ್ ಎಂದರೆ ಬ್ರೆಕ್ಸಿಟ್’ ಎಂದರು. ಹಾಗೆಂದರೆ ಏನು ಎಂದು ಹಲವು ತಿಂಗಳು ಬಿಡಿಸಿ ಹೇಳಲಿಲ್ಲ. ಒಕ್ಕೂಟದಿಂದ ಹೊರಹೋಗುವ ವಿಧಾನ ಲಿಸ್ಬನ್ ಒಪ್ಪಂದದ 50ನೇ ವಿಧಿಯಲ್ಲಿದೆ. ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷದ ಗಡುವು ಶುರುವಾಗುತ್ತದೆ. ಅದನ್ನು ಮುಂದೂಡಬೇಕಾದರೆ ಉಳಿದ 27 ದೇಶಗಳೂ ಒಪ್ಪಬೇಕು. ನೋಟಿಸ್ ಯಾವಾಗ ಕೊಡಬೇಕೆಂಬುದು ಬ್ರಿಟನ್ನಿನ ಕೈಯಲ್ಲಿದ್ದ ಬಲವಾದ ಅಸ್ತ್ರ. ಸಂಪುಟದೊಳಗೇ ಒಮ್ಮತ ಮೂಡುವ ಮೊದಲು, 2017ರ ಮಾರ್ಚ್ 29ರಂದು ಮೇ ಅದನ್ನು ಬಳಸಿಬಿಟ್ಟರು. ಮೂರು ವಾರದೊಳಗೆ ಮಧ್ಯಂತರ ಚುನಾವಣೆ ಘೋಷಿಸಿದರು. ಜೂನ್ 8ರ ಚುನಾವಣೆಯಲ್ಲಿ ಇದ್ದ ಬಹುಮತವೂ ಹೋಯಿತು. ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಅಲ್ಲಿನ ಡಿಯುಪಿ ಪಕ್ಷದ ಹತ್ತು ಸದಸ್ಯರ ಬೆಂಬಲದ ಮೇಲೆ ಸರ್ಕಾರ ನಿಲ್ಲಬೇಕಾಯಿತು.

ಮಾತುಕತೆಯ ಎದುರು ಕುಳಿತದ್ದು ಐರ್ಲೆಂಡಿನ ಗಡಿ. ಇದನ್ನು ನಿಧಾನವಾಗಿ ಓದಿಕೊಳ್ಳಿ, ಇಡೀ ಬಿಕ್ಕಟ್ಟು ಇರುವುದು ಇಲ್ಲಿಯೇ. ಉತ್ತರ ಐರ್ಲೆಂಡ್ ಬ್ರಿಟನ್ನಿನ ಭಾಗ. ದಕ್ಷಿಣದ ಐರ್ಲೆಂಡ್ ಗಣರಾಜ್ಯ ಒಕ್ಕೂಟದ ಸದಸ್ಯ. ನಡುವಿನ ಗಡಿ ಸುಮಾರು 500 ಕಿಲೋಮೀಟರ್, ದಾಟುವ ರಸ್ತೆಗಳು 200ಕ್ಕೂ ಹೆಚ್ಚು. ಉತ್ತರ ಐರ್ಲೆಂಡಿನ ದಶಕಗಳ ಹಿಂಸಾಚಾರಕ್ಕೆ ಕೊನೆ ಹಾಡಿದ 1998ರ ಗುಡ್ ಫ್ರೈಡೇ ಒಪ್ಪಂದದ ನಂತರದ ವರ್ಷಗಳಲ್ಲಿ ಸೈನಿಕ ಠಾಣೆಗಳು ಹೋಗಿ ಗಡಿ ಕಣ್ಣಿಗೆ ಕಾಣದಂತಾಗಿತ್ತು. ಉತ್ತರದ ಹಸು ಕೊಟ್ಟ ಹಾಲು ಟ್ಯಾಂಕರಿನಲ್ಲಿ ದಕ್ಷಿಣಕ್ಕೆ ಹೋಗಿ ಸಂಸ್ಕರಣೆಯಾಗುವುದು ಅಲ್ಲಿ ದಿನನಿತ್ಯದ ವ್ಯವಹಾರ. ಮೇ ಸರ್ಕಾರ ಮೂರು ಮಾತು ಕೊಟ್ಟಿತ್ತು. ಬ್ರಿಟನ್ ಏಕ ಮಾರುಕಟ್ಟೆಯಿಂದಲೂ ಸುಂಕ ಒಕ್ಕೂಟದಿಂದಲೂ ಹೊರಬರುತ್ತದೆ. ಐರ್ಲೆಂಡಿನ ಗಡಿಯಲ್ಲಿ ತಪಾಸಣೆ ಇರುವುದಿಲ್ಲ. ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವೆ ತಪಾಸಣೆ ಇರುವುದಿಲ್ಲ. ಎರಡು ಬೇರೆ ಸುಂಕ ವ್ಯವಸ್ಥೆಗಳು ಸೇರುವ ಕಡೆ ಎಲ್ಲಾದರೂ ಒಂದು ಕಡೆ ಸರಕನ್ನು ತಡೆದು ನೋಡಲೇಬೇಕು. ಆದ್ದರಿಂದ ಈ ಮೂರರಲ್ಲಿ ಯಾವ ಎರಡನ್ನಾದರೂ ಉಳಿಸಿಕೊಳ್ಳಬಹುದು. ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳಲು ಯಾವ ಪ್ರಧಾನಿಯಿಂದಲೂ ಆಗುತ್ತಿರಲಿಲ್ಲ. ಇದನ್ನು ಮೊದಲ ದಿನವೇ ಜನರಿಗೆ ಹೇಳಿ, ‘ಯಾವುದನ್ನು ಬಿಡೋಣ?’ ಎಂದು ಕೇಳಿದ್ದರೆ ಮುಂದಿನ ಮೂರು ವರ್ಷಗಳ ಸ್ವರೂಪವೇ ಬೇರೆಯಾಗಿರುತ್ತಿತ್ತು ಎಂದು ನಾನು ದೃಢವಾಗಿ ನಂಬುತ್ತೇನೆ.

ಹೇಳುವ ಬದಲು ಮುಚ್ಚಿಡುವುದೇ ಪದ್ಧತಿಯಾಯಿತು. ಬ್ರೆಕ್ಸಿಟ್ ಸಚಿವ ಡೇವಿಡ್ ಡೇವಿಸ್, ಅರ್ಥವ್ಯವಸ್ಥೆಯ ಐವತ್ತಕ್ಕೂ ಹೆಚ್ಚು ವಲಯಗಳ ವಿಶ್ಲೇಷಣೆ ತಮ್ಮ ಬಳಿ ಇದೆ ಎಂದು ಹೇಳಿಕೊಂಡಿದ್ದರು. 2017ರ ಡಿಸೆಂಬರಿನಲ್ಲಿ ಸಂಸದೀಯ ಸಮಿತಿಯ ಮುಂದೆ, ಪರಿಣಾಮದ ಅಂದಾಜು ಮಾಡಿಯೇ ಇಲ್ಲ ಎಂದು ಒಪ್ಪಿಕೊಳ್ಳಬೇಕಾಯಿತು. ಐರ್ಲೆಂಡ್ ಗಡಿಯ ಕುರಿತ ಕಾನೂನು ಸಲಹೆಯನ್ನು ಪೂರ್ತಿಯಾಗಿ ಬಹಿರಂಗಪಡಿಸದ ಕಾರಣಕ್ಕೆ 2018ರ ಡಿಸೆಂಬರ್ 4ರಂದು ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆ ಸರ್ಕಾರವನ್ನೇ ಸದನದ ನಿಂದನೆಯ ತಪ್ಪಿತಸ್ಥ ಎಂದು ಘೋಷಿಸಿತು. ಮತಗಳು 311–293. ಬ್ರಿಟಿಷ್ ಸಂಸತ್ತಿನ ಇತಿಹಾಸದಲ್ಲಿ ಸರ್ಕಾರವೊಂದಕ್ಕೆ ಹೀಗಾದದ್ದು ಅದೇ ಮೊದಲು.

2019ರ ಚಳಿಗಾಲ

ಒಕ್ಕೂಟದೊಂದಿಗೆ ಮಾತಾಡಿ ಮೇ ತಂದ ಒಪ್ಪಂದ 2019ರ ಜನವರಿ 15ರಂದು ಮತಕ್ಕೆ ಬಂತು. ಕಾಮನ್ಸ್ ಸಭೆಯಲ್ಲಿ ಸದಸ್ಯರು ಗುಂಡಿ ಒತ್ತಿ ಮತ ಹಾಕುವುದಿಲ್ಲ. ಎದ್ದು ನಡೆದು, ಸಭಾಂಗಣದ ಎರಡು ಪಕ್ಕಗಳಲ್ಲಿರುವ ‘ಹೌದು’ ಮತ್ತು ‘ಇಲ್ಲ’ ಪಡಸಾಲೆಗಳಲ್ಲಿ ಒಂದನ್ನು ಹಾದು ಹೋಗುತ್ತಾರೆ; ಬಾಗಿಲಲ್ಲಿ ನಿಂತವರು ತಲೆ ಎಣಿಸುತ್ತಾರೆ. ಲೇಬರ್ ಪಕ್ಷದ ಟ್ಯೂಲಿಪ್ ಸಿದ್ದಿಕ್ ತುಂಬು ಗರ್ಭಿಣಿ. ನಿಗದಿಯಾಗಿದ್ದ ಹೆರಿಗೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡಿ, ಗಾಲಿಕುರ್ಚಿಯಲ್ಲಿ ಬಂದು ಮತ ಹಾಕಿದರು. ಫಲಿತಾಂಶ: ಪರ 202, ವಿರುದ್ಧ 432. ಆಧುನಿಕ ಕಾಲದಲ್ಲಿ ಬ್ರಿಟಿಷ್ ಸರ್ಕಾರವೊಂದು ಕಂಡ ಅತಿ ದೊಡ್ಡ ಸೋಲು.

ಆ ‘ಇಲ್ಲ’ ಪಡಸಾಲೆಯಲ್ಲಿ ಯಾರು ಯಾರು ಅಕ್ಕಪಕ್ಕ ನಡೆದರು ಎಂದು ಗಮನಿಸಿ. ಒಪ್ಪಂದ ಅತಿ ಮೃದು ಎಂದವರು, ಅತಿ ಕಠಿಣ ಎಂದವರು, ಬ್ರೆಕ್ಸಿಟ್ಟೇ ಬೇಡ ಎಂದವರು, ಉತ್ತರ ಐರ್ಲೆಂಡಿಗೆ ದ್ರೋಹವಾಯಿತು ಎಂದವರು. ಪ್ರಧಾನಿಯ ಸ್ವಂತ ಪಕ್ಷದವರೇ 118 ಮಂದಿ. ಬೇಡ ಎನ್ನುವುದರಲ್ಲಿ ಬಹುಮತವಿತ್ತು, ಬೇಕು ಎನ್ನುವುದರಲ್ಲಿ ಇರಲಿಲ್ಲ. ಮಾರ್ಚ್ 12ರಂದು ಮತ್ತೆ ಸೋಲು, 391–242. ಬ್ರಿಟನ್ ಹೊರಬರಬೇಕಿದ್ದ ಮಾರ್ಚ್ 29ರಂದೇ ಮೂರನೇ ಸೋಲು, 344–286.

ನಡುವೆ ಸದಸ್ಯರು ಸರ್ಕಾರದ ಕೈಯಿಂದ ಕಾರ್ಯಕಲಾಪವನ್ನು ಕಿತ್ತುಕೊಂಡು ತಾವೇ ದಾರಿ ಹುಡುಕಲು ಹೊರಟರು. ಮಾರ್ಚ್ 27ರಂದು ಎಂಟು ಆಯ್ಕೆಗಳನ್ನು ಕಾಗದದ ಮತಪತ್ರದಲ್ಲಿ ಮುಂದಿಟ್ಟುಕೊಂಡರು, ಎಂಟೂ ಬಿದ್ದವು. ಏಪ್ರಿಲ್ 1ರಂದು ನಾಲ್ಕು; ನಾಲ್ಕೂ ಬಿದ್ದವು. ಸುಂಕ ಒಕ್ಕೂಟದ ಪ್ರಸ್ತಾಪ ಬಿದ್ದದ್ದು ಕೇವಲ ಮೂರು ಮತಗಳಿಂದ: 273–276. ನಾರ್ವೆ ಮಾದರಿಯನ್ನು ಮಂಡಿಸಿದ್ದ ನಿಕ್ ಬೋಲ್ಸ್, ತಮ್ಮ ಪಕ್ಷ ರಾಜಿಗೆ ಒಪ್ಪುತ್ತಿಲ್ಲ ಎಂದು ಹೇಳಿ ಅಲ್ಲಿಯೇ ಪಕ್ಷ ಬಿಟ್ಟು ಹೊರನಡೆದರು. ಮನೆಯಲ್ಲಿ ಟಿ.ವಿ. ಮುಂದೆ ಕುಳಿತವರಿಗೆ ಇದು ಹೇಗೆ ಕಂಡಿರಬೇಕು, ಯೋಚಿಸಿ.

ಮಾರ್ಚ್ 20ರ ರಾತ್ರಿ ಮೇ ನೇರವಾಗಿ ಜನರನ್ನು ಉದ್ದೇಶಿಸಿ ಮಾತನಾಡಿದರು. ನೀವು ಬೇಸತ್ತಿದ್ದೀರಿ, ನಾನು ನಿಮ್ಮ ಕಡೆ ಇದ್ದೇನೆ, ತೀರ್ಮಾನ ಮಾಡದಿರುವುದು ಸಂಸದರು ಎಂಬುದು ಮಾತಿನ ಸಾರ. ನಾನು ಇದನ್ನು ಆ ಅವಧಿಯ ಅತ್ಯಂತ ಬೇಜವಾಬ್ದಾರಿಯ ಭಾಷಣ ಎನ್ನುತ್ತೇನೆ. ಜನಮತಗಣನೆಗೆ ಒಂದು ವಾರವಿದ್ದಾಗ ಸಂಸದೆ ಜೋ ಕಾಕ್ಸ್ ಅವರನ್ನು ಬಲಪಂಥೀಯ ಉಗ್ರನೊಬ್ಬ ಕೊಂದಿದ್ದ. ಸಂಸದರಿಗೆ ಬೆದರಿಕೆ ಬರುತ್ತಿದ್ದ ಕಾಲದಲ್ಲಿ, ಪ್ರಧಾನಿಯೇ ಜನರನ್ನೂ ಅವರ ಪ್ರತಿನಿಧಿಗಳನ್ನೂ ಎದುರುಬದುರು ನಿಲ್ಲಿಸಿದರು.

ಆ ದಿನಗಳಲ್ಲಿಯೇ 50ನೇ ವಿಧಿಯ ನೋಟಿಸನ್ನು ಹಿಂಪಡೆಯಿರಿ ಎಂಬ ಮನವಿಗೆ ಸಹಿಗಳು ನುಗ್ಗಿ ಸಂಸತ್ತಿನ ಜಾಲತಾಣವೇ ಕುಸಿಯಿತು. ಒಟ್ಟು ಸಹಿ 60 ಲಕ್ಷ ದಾಟಿತು. ಮಾರ್ಚ್ 23ರಂದು ಎರಡನೇ ಜನಮತಗಣನೆ ಕೇಳುವವರು ಲಂಡನ್ನಿನ ಬೀದಿಗಳನ್ನು ತುಂಬಿದರು. ಅದೇ ಹೊತ್ತಿಗೆ ಹೊರಬರಲು ಬಯಸುವವರು ಸಂಡರ್ಲೆಂಡಿನಿಂದ ಲಂಡನ್ನಿಗೆ ಪಾದಯಾತ್ರೆ ಹೊರಟು, ಮಾರ್ಚ್ 29ಕ್ಕೆ ಸಂಸತ್ತಿನ ಮುಂದಿನ ಚೌಕದಲ್ಲಿ ಸೇರಿದರು. ಬೇಡಿಕೆಗಳು ಪರಸ್ಪರ ವಿರುದ್ಧ, ದೂರು ಒಂದೇ: ನಮ್ಮ ಮಾತು ಇವರ ಕಿವಿಗೆ ಬೀಳುತ್ತಿಲ್ಲ.

ಹಣದ ಪೋಲು ಈ ಸಿಟ್ಟಿಗೆ ತುಪ್ಪ ಸುರಿಯಿತು. ಒಪ್ಪಂದವಿಲ್ಲದೆ ಹೊರಬಂದರೆ ಸರಕು ಸಾಗಿಸಲು ಬೇಕೆಂದು ಸಾರಿಗೆ ಸಚಿವ ಕ್ರಿಸ್ ಗ್ರೇಲಿಂಗ್ ಅವರ ಇಲಾಖೆ ಸೀಬೋರ್ನ್ ಫ್ರೈಟ್ ಎಂಬ ಕಂಪನಿಗೆ 1.38 ಕೋಟಿ ಪೌಂಡಿನ ಗುತ್ತಿಗೆ ಕೊಟ್ಟಿತ್ತು. ಆ ಕಂಪನಿಯ ಬಳಿ ಒಂದು ಹಡಗೂ ಇರಲಿಲ್ಲ. ಗುತ್ತಿಗೆ ರದ್ದಾಯಿತು. ಹಡಗಿನ ಗುತ್ತಿಗೆಗಳಲ್ಲಿ ತನ್ನನ್ನು ಕಡೆಗಣಿಸಲಾಗಿದೆ ಎಂದು ಕೋರ್ಟಿಗೆ ಹೋದ ಯೂರೋಟನಲ್ ಕಂಪನಿಗೆ 3.3 ಕೋಟಿ ಪೌಂಡ್ ಕೊಟ್ಟು ಸರ್ಕಾರ ರಾಜಿ ಮಾಡಿಕೊಂಡಿತು. ಮುಂದೂಡಿದ ಹೊಸ ಗಡುವಾದ ಅಕ್ಟೋಬರ್ 31, 2019ರ ದಿನಾಂಕ ಮುದ್ರಿಸಿದ 50 ಪೆನ್ಸ್ ನಾಣ್ಯಗಳನ್ನು, ಆ ಗಡುವೂ ತಪ್ಪಿದ ಮೇಲೆ ಕರಗಿಸಬೇಕಾಯಿತು.

ಸಿಟ್ಟು ಎತ್ತ ಹರಿಯಿತು

ಇಲ್ಲಿ ಹ್ಯಾನ್ಸರ್ಡ್ ಸೊಸೈಟಿ ಎಂಬ ಸಂಸ್ಥೆ 2019ರ ಏಪ್ರಿಲಿನಲ್ಲಿ ಪ್ರಕಟಿಸಿದ ವಾರ್ಷಿಕ ಸಮೀಕ್ಷೆಯನ್ನು ಗುರುತು ಹಾಕಿಕೊಳ್ಳಿ. ಆಡಳಿತ ವ್ಯವಸ್ಥೆಗೆ ಸಾಕಷ್ಟು ಅಥವಾ ಬಹಳಷ್ಟು ಸುಧಾರಣೆ ಬೇಕು ಎಂದವರು ಶೇ 72. ನಿಯಮ ಮುರಿಯಲು ಹಿಂಜರಿಯದ ಬಲಶಾಲಿ ನಾಯಕ ಬೇಕು ಎಂದವರು ಶೇ 54. ನನ್ನನ್ನು ಹೆಚ್ಚು ಕಾಡುವುದು ಎರಡನೆಯ ಅಂಕಿ. ಸರ್ಕಾರದ ಅಸಾಮರ್ಥ್ಯದ ಮೇಲಿನ ಬೇಸರ ನಿಧಾನವಾಗಿ ಸಂಸದೀಯ ಪದ್ಧತಿಯ ಮೇಲಿನ ಬೇಸರವಾಗಿ ತಿರುಗುತ್ತಿತ್ತು.

ಮೇ 23ರ ಐರೋಪ್ಯ ಸಂಸತ್ತಿನ ಚುನಾವಣೆಯಲ್ಲಿ, ಕೆಲವೇ ತಿಂಗಳ ಹಿಂದೆ ಹುಟ್ಟಿದ್ದ ಬ್ರೆಕ್ಸಿಟ್ ಪಕ್ಷ 29 ಸ್ಥಾನ ಗೆದ್ದಿತು. ಆಳುವ ಕನ್ಸರ್ವೇಟಿವ್ ಪಕ್ಷ ಶೇ 9ರಷ್ಟು ಮತ ಪಡೆದು ಐದನೇ ಸ್ಥಾನಕ್ಕೆ ಕುಸಿಯಿತು. ಮತದಾನದ ಮರುದಿನವೇ ತೆರೇಸಾ ಮೇ ನಿರ್ಗಮನ ಘೋಷಿಸಿದ್ದರು. ಜುಲೈಯಲ್ಲಿ ಪ್ರಧಾನಿಯಾಗಿ ಬಂದ ಬೋರಿಸ್ ಜಾನ್ಸನ್ ಸಂಸತ್ತನ್ನು ಐದು ವಾರ ಮುಚ್ಚಿಸಿದರು. ಸೆಪ್ಟೆಂಬರ್ 24ರಂದು ಸುಪ್ರೀಂ ಕೋರ್ಟಿನ ಹನ್ನೊಂದೂ ನ್ಯಾಯಮೂರ್ತಿಗಳು ಅದು ಕಾನೂನುಬಾಹಿರ ಎಂದರು. ಆದರೂ ಡಿಸೆಂಬರ್ 12ರ ಚುನಾವಣೆಯಲ್ಲಿ ‘ಬ್ರೆಕ್ಸಿಟ್ ಮುಗಿಸೋಣ’ ಎಂಬ ಒಂದೇ ಘೋಷಣೆ ಹಿಡಿದು ಜಾನ್ಸನ್ 365 ಸ್ಥಾನ ಗೆದ್ದರು. ಆ ಗೆಲುವಿನಲ್ಲಿ ನಂಬಿಕೆಯ ಪಾಲಿಗಿಂತ ದಣಿವಿನ ಪಾಲು ಕಡಿಮೆಯೇನಲ್ಲ. 2020ರ ಜನವರಿ 31ರ ರಾತ್ರಿ 11ಕ್ಕೆ ಬ್ರಿಟನ್ ಹೊರಬಂತು.

ಮುಗಿಯಿತೇ? ಮೇ ಕೊಟ್ಟಿದ್ದ ಮೂರು ಮಾತುಗಳಲ್ಲಿ ಮೂರನೆಯದನ್ನು ಜಾನ್ಸನ್ ಬಿಟ್ಟರು: ತಪಾಸಣೆ ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವಿನ ಸಮುದ್ರಕ್ಕೆ ಬಂತು. ಅದನ್ನೂ ಒಪ್ಪಿಕೊಂಡು ಹೇಳಲಿಲ್ಲ. ಯಾರಾದರೂ ನಮೂನೆ ತುಂಬಲು ಹೇಳಿದರೆ ಕಸದ ಬುಟ್ಟಿಗೆ ಹಾಕಿ ಎಂದು ಅಲ್ಲಿನ ವ್ಯಾಪಾರಿಗಳಿಗೆ ಭರವಸೆ ಕೊಟ್ಟಿದ್ದರು. ನಮೂನೆಗಳು ಬಂದೇ ಬಂದವು. 2021ರ ಜನವರಿ 18ರಂದು ಒಕ್ಕೂಟದ ದೇಶಗಳಿಗೆ ಚಿಪ್ಪುಮೀನು ಕಳಿಸುವ ರಫ್ತುದಾರರ ಲಾರಿಗಳು ಲಂಡನ್ನಿನ ಸರ್ಕಾರಿ ಕಚೇರಿಗಳ ಬೀದಿಗೆ ಬಂದು ನಿಂತವು; ಕಾಗದಪತ್ರ ಮುಗಿಯುವಷ್ಟರಲ್ಲಿ ಹಿಡಿದ ಮೀನು ಹಾಳಾಗುತ್ತಿದೆ ಎಂಬುದು ಅವರ ಗೋಳು. ಸಮುದ್ರದ ತಪಾಸಣೆಯನ್ನು ವಿರೋಧಿಸಿ ಡಿಯುಪಿ 2022ರ ಫೆಬ್ರವರಿಯಲ್ಲಿ ಉತ್ತರ ಐರ್ಲೆಂಡಿನ ಸರ್ಕಾರದಿಂದ ಹೊರಬಂತು. ಎರಡು ವರ್ಷ ಅಲ್ಲಿ ಪೂರ್ಣ ಸರ್ಕಾರವೇ ಇರಲಿಲ್ಲ. ಬ್ರಿಟನ್ ಮತ್ತು ಒಕ್ಕೂಟದ ನಡುವಿನ 2023ರ ವಿಂಡ್ಸರ್ ಒಪ್ಪಂದ ತಪಾಸಣೆಯನ್ನು ಹಗುರ ಮಾಡಿತು, ತೆಗೆದುಹಾಕಲಿಲ್ಲ.

ಇರಾಕ್ ಯುದ್ಧಕ್ಕೆ ಬ್ರಿಟನ್ ಹೇಗೆ ಇಳಿಯಿತು ಎಂಬುದರ ಕುರಿತು ಚಿಲ್ಕಾಟ್ ವಿಚಾರಣೆ ನಡೆದು, ವರದಿ 2016ರ ಜುಲೈಯಲ್ಲಿ, ಜನಮತಗಣನೆಯಾದ ಎರಡೇ ವಾರಕ್ಕೆ, ಹೊರಬಂತು. ಬ್ರೆಕ್ಸಿಟ್ಟಿನ ಪರಿಣಾಮದ ಬಗ್ಗೆ ಅಂಥದೇ ವಿಚಾರಣೆ ಬೇಕೆಂಬ ಮನವಿಗೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದು, 2023ರ ಏಪ್ರಿಲಿನಲ್ಲಿ ಸಂಸತ್ತಿನಲ್ಲಿ ಚರ್ಚೆಯಾಯಿತು. ಅಗತ್ಯವಿಲ್ಲ ಎಂದು ಸರ್ಕಾರ ಉತ್ತರಿಸಿತು. ಅಗತ್ಯ ಖಂಡಿತ ಇದೆ. ಪರಿಣಾಮದ ಜೊತೆಗೆ, 2017ರ ಮಾರ್ಚಿನಲ್ಲಿ ಯಾವ ಸಿದ್ಧತೆಯ ಬಲದ ಮೇಲೆ ಆ ನೋಟಿಸ್ ಕೊಟ್ಟರು, ಐರ್ಲೆಂಡಿನ ಗಡಿಯ ಬಗ್ಗೆ ಅಧಿಕಾರಿಗಳು ಆಗ ಏನೆಂದು ಎಚ್ಚರಿಸಿದ್ದರು ಎಂಬುದನ್ನೂ ಆ ವಿಚಾರಣೆ ಪ್ರಮಾಣವಚನದ ಮೇಲೆ ಕೇಳಬೇಕು.