ಸಿಎನ್‌ಜಿ ಸಿಲಿಂಡರಿಗೇ ಹೈಡ್ರೋಜನ್ ತುಂಬಿಸಿದರೆ ಆಗದೇ?

ಪ್ರಶ್ನೆ: ಹೈಡ್ರೋಜನ್‌ನಲ್ಲಿ ಪೆಟ್ರೋಲಿನ ಮೂರು ಪಟ್ಟು ಶಕ್ತಿ ಇದೆಯಂತೆ. ಹಾಗಾದರೆ ಈಗಿರುವ ಸಿಎನ್‌ಜಿ ಸಿಲಿಂಡರಿಗೇ ಅದನ್ನು ತುಂಬಿಸಿಕೊಂಡು ಓಡಾಡಬಹುದಲ್ಲ?

ಉತ್ತರ: ಮೂರು ಪಟ್ಟು ಅನ್ನುವುದು ನಿಜವೇ, ಆದರೆ ಅದು ತಕ್ಕಡಿಯ ಲೆಕ್ಕ. ಒಂದು ಕಿಲೋ ಹೈಡ್ರೋಜನ್‌ನಲ್ಲಿ ಸುಮಾರು 120 ಮೆಗಾಜೂಲ್ ಶಕ್ತಿ, ಪೆಟ್ರೋಲಿನಲ್ಲಿ 43ರ ಆಸುಪಾಸು. ಕಾರಿನಲ್ಲಿ ತತ್ವಾರ ಇರುವುದು ಜಾಗಕ್ಕೆ. ಒತ್ತಡ ಹಾಕದೆ ಬಿಟ್ಟರೆ ಆ ಒಂದು ಕಿಲೋ 11 ಸಾವಿರ ಲೀಟರಿಗೂ ಹೆಚ್ಚು ಜಾಗ ಹಿಡಿಯುತ್ತದೆ.

ಡಿಕ್ಕಿಯಲ್ಲಿರುವ 60 ಲೀಟರಿನ ಸಿಎನ್‌ಜಿ ಸಿಲಿಂಡರನ್ನೇ ತೆಗೆದುಕೊಳ್ಳಿ. 200 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ) ಅದಕ್ಕೆ ಹಿಡಿಸುವ ಹೈಡ್ರೋಜನ್ ಒಂದು ಕಿಲೋಗೂ ಕಡಿಮೆ. ಶಕ್ತಿಯಲ್ಲಿ ಅಳೆದರೆ ಮೂರೂಕಾಲು ಲೀಟರ್ ಪೆಟ್ರೋಲಿಗೆ ಸಮ. ಅದೇ ಸಿಲಿಂಡರಿನ ಸಿಎನ್‌ಜಿಯಲ್ಲಿ ಇದರ ಸುಮಾರು ನಾಲ್ಕು ಪಟ್ಟು ಇರುತ್ತದೆ. ಸಾಲದ್ದಕ್ಕೆ, ಹೈಡ್ರೋಜನ್‌ನ ಪುಟ್ಟ ಅಣುಗಳು ಒಡೆದು ಪರಮಾಣುಗಳಾಗಿ ಉಕ್ಕಿನೊಳಕ್ಕೆ ಇಳಿಯುತ್ತವೆ. ಗಟ್ಟಿ ಉಕ್ಕು ಕ್ರಮೇಣ ಪೆಡಸಾಗಿ ಬಿರುಕು ಬಿಡಬಹುದು. ಆದ್ದರಿಂದ ಈ ಪ್ರಯೋಗ ಮನೆಯಲ್ಲಂತೂ ಬೇಡ!

ಹೈಡ್ರೋಜನ್‌ನಿಂದಲೇ ಓಡುವ ಟೊಯೋಟಾ ಮಿರಾಯ್ ಕಾರಿನ ಈಗಿನ ಮಾದರಿಯಲ್ಲಿ ಮೂರು ಟ್ಯಾಂಕುಗಳಿವೆ. ಒಳಗೆ ಪ್ಲಾಸ್ಟಿಕ್ ಪದರ, ಸುತ್ತಲೂ ಬಿಗಿಯಾಗಿ ಸುತ್ತಿದ ಕಾರ್ಬನ್ ಫೈಬರ್, ಒತ್ತಡ 700 ಬಾರ್. ಇಷ್ಟೆಲ್ಲ ಮಾಡಿ ತುಂಬುವುದು 5.6 ಕಿಲೋ ಅನಿಲ. ಅದನ್ನು ಹೊರುವ ಟ್ಯಾಂಕುಗಳ ತೂಕ 80 ಕಿಲೋ ಮೀರುತ್ತದೆ. ರಭಸದಿಂದ ತುಂಬುವಾಗ ಟ್ಯಾಂಕು ಕಾಯುತ್ತದೆ, 85 ಡಿಗ್ರಿ ದಾಟುವಂತಿಲ್ಲ. ಅದಕ್ಕೇ ಬಂಕಿನಲ್ಲೇ ಅನಿಲವನ್ನು ಮೈನಸ್ 40 ಡಿಗ್ರಿಯವರೆಗೂ ತಣಿಸಿ ಬಿಡುತ್ತಾರೆ.

ಒತ್ತಡ ಇನ್ನೂ ಏರಿಸಬಹುದಲ್ಲ ಎಂದರೆ, ಗಿಟ್ಟುವುದಿಲ್ಲ. 350 ಬಾರ್‌ನಲ್ಲಿ ಲೀಟರಿಗೆ 24 ಗ್ರಾಂ ಹಿಡಿಸಿದರೆ, ದುಪ್ಪಟ್ಟು ಒತ್ತಿ 700ಕ್ಕೆ ಹೋದಾಗ ಸಿಗುವುದು 40 ಗ್ರಾಂ ಮಾತ್ರ. ದ್ರವ ಮಾಡಿದರೆ 71 ಗ್ರಾಂ ಸಿಗುತ್ತದೆ, ಆದರೆ ಮೈನಸ್ 253 ಡಿಗ್ರಿಗೆ ಇಳಿಸಬೇಕು. ಇಸ್ರೋ ರಾಕೆಟ್ಟಿನ ಕ್ರಯೋಜೆನಿಕ್ (ಅತಿ ತಣ್ಣನೆಯ ದ್ರವ ಇಂಧನದ) ಹಂತಕ್ಕೆ ಇದು ಒಗ್ಗುತ್ತದೆ: ಉಡಾವಣೆಗೆ ಮುಂಚೆ ತುಂಬಿದ್ದು ನಿಮಿಷಗಳಲ್ಲಿ ಉರಿದು ಮುಗಿಯುತ್ತದೆ. ಕಾರು ಹಾಗಲ್ಲ, ವಾರಗಟ್ಟಲೆ ನಿಂತಿರುತ್ತದೆ. 2006ರ ಸುಮಾರಿಗೆ ಬಿಎಂಡಬ್ಲ್ಯು ತಂದ ಹೈಡ್ರೋಜನ್ 7 ಕಾರಿನಲ್ಲಿ, ನಿಲ್ಲಿಸಿದಲ್ಲೇ ಇಂಧನ ಆವಿಯಾಗಿ ಹೋಗುತ್ತಿತ್ತು.

ಅನಿಲವನ್ನು ಲೋಹದ ಪುಡಿಗೆ ಹೀರಿಸಿಡುವ ದಾರಿಯೂ ಇದೆ. ಜರ್ಮನಿಯ 212 ವರ್ಗದ ಜಲಾಂತರ್ಗಾಮಿಗಳು ಹಾಗೇ ಮಾಡುತ್ತವೆ, ಅವಕ್ಕೆ ಭಾರ ಹೊರೆಯಲ್ಲ. ಕಾರಿಗೆ ಹೊರೆಯೇ.

ನನ್ನನ್ನು ಕೇಳಿದರೆ, ಊರೊಳಗಿನ ಕಾರಿಗೆ ಬ್ಯಾಟರಿಯೇ ಸಲೀಸು. ಹೈಡ್ರೋಜನ್‌ಗೆ ಬಸ್ಸು, ಲಾರಿ ವಾಸಿ. ಬಸ್ಸಿನ ಛಾವಣಿಯ ಮೇಲೆ ಉದ್ದುದ್ದ ಟ್ಯಾಂಕು ಕೂರಿಸಲು ಜಾಗವಿದೆ, ಹಾಗಾಗಿ 350 ಬಾರ್‌ನಲ್ಲೇ ಕೆಲಸ ನಡೆಯುತ್ತದೆ.